ನವಿಲಿನ ಬಣ್ಣದ ಲೆಕ್ಕ: ಮೊದಲು ಚೀಟಿಯಲ್ಲಿ, ಆಮೇಲೆ ಗ್ಯಾಲರಿಯ ಪಂಜರದಲ್ಲಿ

ಬಿಳಿ ನವಿಲು ಗರಿ ಬಿಚ್ಚುವ ವಿಡಿಯೋ ವಾಟ್ಸಾಪ್‌ನಲ್ಲಿ ಬಂದಾಗಲೆಲ್ಲ ನಮ್ಮ ಡೊಂಬಿವಲಿ ಸೊಸೈಟಿಯ ಗುಂಪಿನಲ್ಲಿ ಅದೇ ಪ್ರಶ್ನೆ. ಇದರ ಮರಿಯೂ ಬಿಳಿಯೇನಾ? ಜೋಡಿ ಯಾವುದು ಅಂತ ಗೊತ್ತಾಗದೆ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಗಂಡು ಹೆಣ್ಣು ಎರಡೂ ಬಿಳಿಯಾದರೆ ಮರಿಗಳೆಲ್ಲ ಬಿಳಿ. ಒಂದು ಬಿಳಿ, ಇನ್ನೊಂದು ಮಾಮೂಲಿ ನೀಲಿಯಾದರೆ ಮರಿಗಳೂ ಮಾಮೂಲಿ ಬಣ್ಣದವೇ, ಹೆಚ್ಚೆಂದರೆ ಅಲ್ಲೊಂದು ಇಲ್ಲೊಂದು ಬಿಳಿ ಗರಿ. ಯಾಕೆ ಹೀಗೆ ಅನ್ನುವುದನ್ನು ನೀವೇ ಕೂತು ಲೆಕ್ಕ ಹಾಕಬಹುದು, ಕಷ್ಟ ಏನಿಲ್ಲ. ಸ್ಕೂಲಿನ ಬಯಾಲಜಿ ಪೂರ್ತಿ ಮರೆತಿದ್ದರೂ ನಡೆಯುತ್ತದೆ. ಪೆನ್ನು, ಕಾಗದ, ಒಂದಿಷ್ಟು ಚೀಟಿ ಇದ್ದರೆ ಸಾಕು.

ಅದಕ್ಕೂ ಮೊದಲು ಒಂದು ಮಾತು. ನವಿಲು ಸಾಕುವ ಆಸೆ ಇದ್ದರೆ ಇಲ್ಲೇ ಬಿಟ್ಟುಬಿಡಿ. 1963ರಿಂದ ಅದು ನಮ್ಮ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಇದೆ. ಹಿಡಿಯುವುದು, ಹೊಲದಿಂದ ಮೊಟ್ಟೆ ಎತ್ತಿಕೊಂಡು ಬಂದು ಕೋಳಿ ಕೆಳಗೆ ಇಡುವುದು, ಕರ್ಜತ್ ಕಡೆಯ ಫಾರ್ಮ್‌ಹೌಸ್‌ನಲ್ಲಿ ಚಂದಕ್ಕೆ ಅಂತ ಒಂದು ಜೋಡಿ ಬಿಟ್ಟುಕೊಳ್ಳುವುದು, ಯಾವುದೂ ನಡೆಯುವುದಿಲ್ಲ. ಬಿಳಿಯದಾದರೆ ಪರವಾಗಿಲ್ಲ, ಅದು ಬೇರೆ ಜಾತಿ ಅಂತ ವಾದ ಮಾಡುವವರಿದ್ದಾರೆ. ಜಾತಿ ಅದೇ, ಬಣ್ಣ ಮಾತ್ರ ಬೇರೆ. ತಾನಾಗಿ ಉದುರಿದ ಗರಿಯನ್ನು ಇಟ್ಟುಕೊಳ್ಳಬಹುದು, ಆದರೆ ದೇಶದ ಹೊರಗೆ ಕಳಿಸುವಂತಿಲ್ಲ.

ಹಾಗಾಗಿ ನವಿಲಿನ ಲೆಕ್ಕ ನಮಗೆ ಕಾಗದದ ಮೇಲೆ ಮಾತ್ರ. ಈ ತರಹೇವಾರಿ ಬಣ್ಣಗಳನ್ನು ಬೆಳೆಸಿ ಹೆಸರಿಟ್ಟವರು ಹೆಚ್ಚಾಗಿ ಅಮೆರಿಕ, ಯುರೋಪಿನ ಸಾಕಣೆಗಾರರು. ಕೈಯಾರೆ ಮಾಡಿ ನೋಡಬೇಕು ಅನ್ನುವವರಿಗೆ ಬಜರಿಗರ್ ಇದೆ, ಮುಂಬೈಯಲ್ಲಿ ಎಲ್ಲರೂ ಸುಮ್ನೆ ಲವ್ ಬರ್ಡ್ಸ್ ಅಂದುಬಿಡುವ ಆ ಪುಟ್ಟ ಗಿಳಿ. ಮೂಲ ಆಸ್ಟ್ರೇಲಿಯಾ, ಸಾಕುವುದಕ್ಕೆ ತೊಂದರೆ ಇಲ್ಲ. ನಮ್ಮ ಊರಿನ ಹಸಿರು ಗಿಳಿ, ಮಿಠ್ಠು ಅಂತ ಕರೆಯುತ್ತೇವಲ್ಲ, ಅದನ್ನು ಸಾಕುವಂತಿಲ್ಲ. ಪಕ್ಕದ ಬಿಲ್ಡಿಂಗ್‌ನಲ್ಲಿ ಇದೆ ಅಂದ ಮಾತ್ರಕ್ಕೆ ಕಾನೂನು ಬದಲಾಗುವುದಿಲ್ಲ. ನವಿಲಿನಲ್ಲಿ ನಡೆಯುವ ಮುಖ್ಯ ಆಟಗಳೆಲ್ಲ ಬಜರಿಗರ್‌ನಲ್ಲೂ ಇವೆ, ಅದೂ ಕೆಲವೇ ತಿಂಗಳಲ್ಲಿ ಉತ್ತರ ಕಣ್ಣೆದುರಿಗೆ ಬರುತ್ತದೆ.

ಮೊದಲು ಕಣ್ಣು ಪಳಗಲಿ

ಬಣ್ಣ ಬೇರೆ, ವಿನ್ಯಾಸ ಬೇರೆ. ಹೊಸಬರು ಎಡವುವುದೇ ಇಲ್ಲಿ. ಕೊರಳು ಎದೆ ನೀಲಿಯೋ, ಕಂದೋ, ಬೂದಿಯೋ ಅನ್ನುವುದು ಬಣ್ಣ. ರೆಕ್ಕೆಯಲ್ಲಿ ಗೆರೆ ಇದೆಯೋ ಇಲ್ಲವೋ, ಮೈಮೇಲೆ ಬಿಳಿ ತೇಪೆ ಇದೆಯೋ, ಬಾಲದ ಕಣ್ಣುಗಳು ಬಿಳಿಯೋ ಅನ್ನುವುದು ವಿನ್ಯಾಸ. ಎರಡನ್ನೂ ನಡೆಸುವ ಜೀನ್‌ಗಳು ಬೇರೆ ಬೇರೆ. ಆದ್ದರಿಂದ ಒಂದು ಹಕ್ಕಿಯನ್ನು ನೋಡಿದ ಕೂಡಲೇ ಎರಡು ಕಾಲಂ ಮಾಡಿ ಬರೆದುಕೊಳ್ಳಿ. ಒಟ್ಟಿಗೆ ಬರೆದರೆ ಮುಂದೆ ಲೆಕ್ಕ ಖಂಡಿತ ಗೋಜಲಾಗುತ್ತದೆ.

ಮಾಮೂಲಿ ನವಿಲನ್ನು ಸರಿಯಾಗಿ ನೋಡದೆ ಬೇರೆ ಬಣ್ಣ ಗುರುತಿಸುವುದು ಆಗದ ಮಾತು. ಪುಣೆ ಕಡೆಯವರಿಗೆ ಮೋರಾಚಿ ಚಿಂಚೋಳಿ ಹತ್ತಿರ, ಶಿರೂರು ತಾಲೂಕಿನ ಹಳ್ಳಿ. ಹುಣಸೆ ಮರ, ಜೋಳದ ಹೊಲ, ಅದರ ನಡುವೆ ನವಿಲು. ಬೆಳಿಗ್ಗೆ ಬೇಗ ಹೋಗಿ, ಅದೂ ಮಳೆ ಶುರುವಾಗುವ ಹೊತ್ತಿಗೆ. ಮಳೆಗಾಲ ಮುಗಿಯುತ್ತಾ ಬಂದರೆ ಗಂಡುಗಳು ಉದ್ದ ಗರಿ ಉದುರಿಸಿಕೊಂಡು ಬೋಳಾಗಿರುತ್ತವೆ. ಹೋದವರೆಲ್ಲ ಬಾಲದ ಫೋಟೋ ತೆಗೆಯುತ್ತಾರೆ. ನೀವು ಮಡಿಚಿದ ರೆಕ್ಕೆ ನೋಡಿ. ಗಂಡಿನ ಭುಜದ ಹತ್ತಿರ ಕೆನೆ ಬಣ್ಣದ ಮೇಲೆ ಕಪ್ಪು ಅಡ್ಡಗೆರೆಗಳು ಒತ್ತೊತ್ತಾಗಿ ಇರುತ್ತವೆ, ಅದರ ಕೆಳಗೆ ಇಟ್ಟಿಗೆ ಕಂದು ಬಣ್ಣದ ಉದ್ದ ಗರಿಗಳು ಇಣುಕುತ್ತವೆ. ಈ ಅಡ್ಡಗೆರೆಯೇ ಮೂಲ ವಿನ್ಯಾಸ.

ಈ ಗೆರೆಗಳ ಜಾಗದಲ್ಲಿ ಪೂರ್ತಿ ಕಪ್ಪು, ಮೇಲೆ ಸ್ವಲ್ಪ ನೀಲಿ ಹಸಿರು ಹೊಳಪು ಇದ್ದರೆ ಅದು ಬ್ಲ್ಯಾಕ್ ಶೋಲ್ಡರ್. ಗಂಡಿನಲ್ಲಿ ವ್ಯತ್ಯಾಸ ರೆಕ್ಕೆಯಲ್ಲಷ್ಟೇ ಕಾಣುತ್ತದೆ, ಹೆಣ್ಣಿನಲ್ಲಿ ಮಾತ್ರ ಇಡೀ ವೇಷವೇ ಬದಲು. ಮಾಮೂಲಿ ಹೆಣ್ಣು ಮಣ್ಣು ಕಂದು, ಬ್ಲ್ಯಾಕ್ ಶೋಲ್ಡರ್ ಹೆಣ್ಣು ಕೆನೆ ಬಿಳಿ, ಮೇಲೆ ಅಲ್ಲಲ್ಲಿ ಗಾಢ ಚುಕ್ಕೆ. ಮರಿಯೂ ತಿಳಿ ಹಳದಿ. ಇಷ್ಟು ಬೇರೆಯಾಗಿ ಕಂಡಿದ್ದಕ್ಕೇ 19ನೇ ಶತಮಾನದಲ್ಲಿ ಸ್ಕ್ಲೇಟರ್ ಎಂಬ ಪಕ್ಷಿತಜ್ಞ ಇದನ್ನು ಬೇರೆ ಜಾತಿ ಅಂತಲೇ ಹೆಸರಿಟ್ಟಿದ್ದ. ಡಾರ್ವಿನ್ ಒಪ್ಪಲಿಲ್ಲ. ಮಾಮೂಲಿ ನವಿಲುಗಳ ಹಿಂಡಿನಲ್ಲೇ ಇಂಥ ಮರಿಗಳು ಇದ್ದಕ್ಕಿದ್ದಂತೆ ಹುಟ್ಟುತ್ತಿವೆ, ಹಾಗಾಗಿ ಇದು ಅದೇ ಹಕ್ಕಿಯ ಇನ್ನೊಂದು ರೂಪ ಅಂತ 1868ರ ತನ್ನ ಪುಸ್ತಕದಲ್ಲಿ ವಾದಿಸಿದ. ಜೀನ್ ಅನ್ನುವ ಪದವೇ ಇಲ್ಲದ ಕಾಲದಲ್ಲಿ ಹಿಂಡು ನೋಡಿ ಹೇಳಿದ ಮಾತು, ಸರಿಯಾಗೇ ಇತ್ತು.

ಇನ್ನೊಂದು ಸಣ್ಣ ಪರೀಕ್ಷೆ. ಉದುರಿದ ನವಿಲುಗರಿ ಮನೆಯಲ್ಲಿದ್ದರೆ ಅದರ ಕಣ್ಣನ್ನು ಕಿಟಕಿಗೆ ಅಡ್ಡ ಹಿಡಿದು, ಬೆಳಕು ಹಿಂದಿನಿಂದ ಬರುವ ಹಾಗೆ ನೋಡಿ. ನೀಲಿ ಹಸಿರು ಎಲ್ಲ ಮಾಯ, ಉಳಿಯುವುದು ಮಂಕು ಕಂದು. ಯಾಕೆಂದರೆ ನವಿಲಿನಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ. ಇರುವುದು ಮೆಲನಿನ್, ನಮ್ಮ ತಲೆಗೂದಲಲ್ಲಿ ಇರುವಂಥದ್ದೇ. ಅದರ ಸೂಕ್ಷ್ಮ ಕಡ್ಡಿಗಳು ಸಾಲಾಗಿ ಜೋಡಿಕೊಂಡಿರುವ ಅಂತರದಿಂದ ನೀಲಿಯೋ ಹಸಿರೋ ಕಾಣುತ್ತದೆ. 2003ರಲ್ಲಿ ಚೀನಾದ ಸಂಶೋಧಕರು ಅಳೆದು ನೋಡಿದಾಗ ನೀಲಿ ಜಾಗದಲ್ಲಿ ಆ ಅಂತರ ಸುಮಾರು 140 ನ್ಯಾನೋಮೀಟರ್, ಹಸಿರು ಜಾಗದಲ್ಲಿ ಸುಮಾರು 150. ವ್ಯತ್ಯಾಸ ಅಷ್ಟೇ! ಲೆಕ್ಕಕ್ಕೆ ಇದು ಯಾಕೆ ಬೇಕು ಅಂದರೆ, ಮೆಲನಿನ್ ಕೆಟ್ಟರೆ ಹೊಳಪೂ ಹೋಗುತ್ತದೆ. ಕ್ಯಾಮಿಯೋ ಅನ್ನುವ ನವಿಲು ಚಾಕೊಲೇಟ್ ಕಂದು ಬಣ್ಣದ್ದು. ಅದರಲ್ಲಿ ಕಂದು ಹೊಸದಾಗಿ ಬಂದು ಸೇರಿಲ್ಲ, ನೀಲಿ ತೋರಿಸುವ ಏರ್ಪಾಡು ತಪ್ಪಿದೆ.

ಚೀಟಿ ಆಟ

ಈಗ ಚೀಟಿ ತೆಗೆದುಕೊಳ್ಳಿ. ಪ್ರತಿ ಗುಣಕ್ಕೂ ಒಂದು ಹಕ್ಕಿಯ ಜೇಬಿನಲ್ಲಿ ಎರಡು ಚೀಟಿ, ಅಂದರೆ ಆ ಜೀನಿನ ಎರಡು ಪ್ರತಿ, ಇವೆ ಅಂದುಕೊಳ್ಳಿ, ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಮರಿ ಮಾಡುವಾಗ ಎರಡರಲ್ಲಿ ಒಂದನ್ನು ಕಣ್ಣು ಮುಚ್ಚಿ ಕೊಡುತ್ತದೆ. ಅಷ್ಟೇ ನಿಯಮ. ಯಾವುದೇ ಹೊಸ ಬಣ್ಣದ ಹೆಸರು ಕೇಳಿದರೂ ನೀವು ಕೇಳಬೇಕಾದ ಪ್ರಶ್ನೆ ಒಂದೇ: ಇದು ಅಡಗುವ ಚೀಟಿಯೋ, ಅರ್ಧ ಕಾಣುವ ಚೀಟಿಯೋ, ಲಿಂಗದ ಕ್ರೋಮೋಸೋಮ್ (ಗಂಡೋ ಹೆಣ್ಣೋ ನಿರ್ಧರಿಸುವ ಜೀನ್‌ಗಳ ಸರ) ಮೇಲೆ ಕೂತ ಚೀಟಿಯೋ?

ಅಡಗುವ ಚೀಟಿ ಅಂದರೆ ಒಂದೇ ಇದ್ದಾಗ ಹೊರಗೆ ಏನೂ ಕಾಣದು, ಎರಡೂ ಸೇರಿದಾಗ ಮಾತ್ರ ಕಾಣುತ್ತದೆ. ಬ್ಲ್ಯಾಕ್ ಶೋಲ್ಡರ್ ಹೀಗೆ. ಬಣ್ಣಗಳಲ್ಲಿ ಓಪಲ್, ಬ್ರಾಂಜ್, ಚಾರ್ಕೋಲ್, ಮಿಡ್‌ನೈಟ್ ಹೀಗೆ. ನೀಲಿ ಗಂಡಿಗೂ ಓಪಲ್ ಹೆಣ್ಣಿಗೂ ಜೋಡಿಯಾದರೆ ಮರಿಗಳೆಲ್ಲ ನೀಲಿ, ಆದರೆ ಪ್ರತಿಯೊಂದರ ಜೇಬಿನಲ್ಲೂ ಒಂದು ಓಪಲ್ ಚೀಟಿ. ಇಂಥದ್ದಕ್ಕೆ ಸಾಕುವವರ ಭಾಷೆಯಲ್ಲಿ ಸ್ಪ್ಲಿಟ್ ಅನ್ನುತ್ತಾರೆ. ಸ್ಪ್ಲಿಟ್‌ಗೆ ಸ್ಪ್ಲಿಟ್ ಸೇರಿದರೆ ನಾಲ್ಕರಲ್ಲಿ ಒಂದು ಓಪಲ್, ಮೂರು ನೀಲಿ. ಆ ಮೂರು ನೀಲಿಯಲ್ಲಿ ಸರಾಸರಿ ಎರಡು ಸ್ಪ್ಲಿಟ್, ಒಂದು ಖಾಲಿ. ಯಾವುದು ಯಾವುದು ಅಂತ ನೋಡಿ ಹೇಳುವುದು ಬ್ರಹ್ಮನಿಗೂ ಸಾಧ್ಯವಿಲ್ಲ.

ನೋಡಿ ಹೇಳಲಾಗದಿದ್ದರೂ ಮರಿ ಮಾಡಿಸಿ ಹೇಳಬಹುದು. ಅನುಮಾನದ ನೀಲಿ ಹಕ್ಕಿಗೆ ಓಪಲ್ ಜೋಡಿ ಕೊಡಿ. ಒಂದೇ ಒಂದು ಓಪಲ್ ಮರಿ ಹುಟ್ಟಿದರೂ ಸಾಕು, ಸ್ಪ್ಲಿಟ್ ಅಂತ ಪಕ್ಕಾ. ಹುಟ್ಟದಿದ್ದರೆ? ಸ್ಪ್ಲಿಟ್ ಹಕ್ಕಿಯಾದರೆ ಪ್ರತಿ ಮರಿಗೂ ಅರ್ಧ ಅವಕಾಶ ಇರುತ್ತದೆ, ಆದರೂ 5 ಮರಿ ಸಾಲಾಗಿ ನೀಲಿಯೇ ಆಗುವ ಸಾಧ್ಯತೆ 32ರಲ್ಲಿ 1, 7 ಮರಿಗೆ 128ರಲ್ಲಿ 1. ಎರಡು ಮೂರು ಮರಿ ನೋಡಿ ಇದು ಖಾಲಿ ಅಂತ ತೀರ್ಪು ಕೊಡಬೇಡಿ. ಏಳಾದ ಮೇಲೆ ಧೈರ್ಯವಾಗಿ ಹೇಳಬಹುದು.

ಇನ್ನು ಬಿಳಿ. ಇದು ಅರ್ಧ ಕಾಣುವ ಚೀಟಿ. ಮೊದಲು ಒಂದು ತಪ್ಪು ಕಲ್ಪನೆ ಬಿಡಿ, ಬಿಳಿ ನವಿಲು ಅಲ್ಬಿನೋ, ಅಂದರೆ ಮೆಲನಿನ್ನೇ ಇಲ್ಲದ ಕೆಂಪು ಕಣ್ಣಿನ ಹಕ್ಕಿ, ಅಲ್ಲ. ಮೈಸೂರು ಮೃಗಾಲಯದಲ್ಲಿ ಬಿಳಿ ನವಿಲು ನೋಡಿದವರು ನೆನಪು ಮಾಡಿಕೊಳ್ಳಿ, ಕಣ್ಣು ಕೆಂಪಗಿರುವುದಿಲ್ಲ. ಗರಿಗೆ ಮಾತ್ರ ಬಣ್ಣ ತಲುಪಿಲ್ಲ. ಎರಡು ಬಿಳಿ ಚೀಟಿ ಇದ್ದರೆ ಹಕ್ಕಿ ಪೂರ್ತಿ ಬಿಳಿ. ಒಂದೇ ಇದ್ದರೆ ಬಣ್ಣದ ಹಕ್ಕಿಯೇ, ಆದರೆ ರೆಕ್ಕೆಯ ಉದ್ದ ಗರಿಗಳಲ್ಲಿ ಒಂದೆರಡು ಬಿಳಿ ಇರುವುದು ಸಾಮಾನ್ಯ. ಮಡಿಚಿದಾಗ ಮುಚ್ಚಿಹೋಗುತ್ತದೆ, ಹಾರುವಾಗ ತಟ್ಟನೆ ಕಾಣುತ್ತದೆ.

ಇದೇ ಜಾಗದಲ್ಲಿ ಮಾಮೂಲಿ, ಬಿಳಿ ಬಿಟ್ಟು ಇನ್ನೊಂದು ಚೀಟಿಯೂ ಕೂರಬಹುದು, ಅದರ ಹೆಸರು ಪೈಡ್. ಜನ ಪೈಡ್ ನವಿಲು ಅಂತ ಕರೆಯುವ, ನೀಲಿ ಬಿಳಿ ತೇಪೆ ತೇಪೆಯಾಗಿರುವ ಆ ಸುಂದರ ಹಕ್ಕಿಯ ಜೇಬಿನಲ್ಲಿ ಎರಡು ಪೈಡ್ ಚೀಟಿ ಇರುವುದಿಲ್ಲ! ಇರುವುದು ಒಂದು ಬಿಳಿ, ಒಂದು ಪೈಡ್. ಎರಡೂ ಪೈಡ್ ಆದರೆ ಬಿಳಿ ಇನ್ನೂ ಕಡಿಮೆ, ಅದಕ್ಕೆ ಡಾರ್ಕ್ ಪೈಡ್ ಅನ್ನುತ್ತಾರೆ. ಹಾಗಾಗಿ ಪೈಡ್‌ಗೆ ಪೈಡ್ ಸೇರಿಸಿದರೆ ನಾಲ್ಕರಲ್ಲಿ ಒಂದು ಬಿಳಿ, ಎರಡು ಪೈಡ್, ಒಂದು ಡಾರ್ಕ್ ಪೈಡ್. ಎಷ್ಟು ತಲೆಮಾರು ಮಾಡಿದರೂ ಪೈಡ್ ಹಿಂಡು ಪೂರ್ತಿ ಪೈಡ್ ಆಗಿ ನಿಲ್ಲುವುದಿಲ್ಲ, ಒಡೆಯುತ್ತಲೇ ಇರುತ್ತದೆ. ಎಲ್ಲ ಮರಿಯೂ ಪೈಡ್ ಬೇಕಾದರೆ ಒಂದು ಕಡೆ ಪೂರ್ತಿ ಬಿಳಿ, ಇನ್ನೊಂದು ಕಡೆ ಡಾರ್ಕ್ ಪೈಡ್ ಇಡಬೇಕು. ನನಗಂತೂ ನವಿಲಿನ ಇಡೀ ಲೆಕ್ಕದಲ್ಲಿ ಇಷ್ಟವಾದ ಭಾಗ ಇದೇ, ಬೇಕಾದ ಹಕ್ಕಿ ಜೋಡಿಯಲ್ಲಿ ಒಂದೂ ಇಲ್ಲ, ಮರಿಗಳು ಮಾತ್ರ ನೂರಕ್ಕೆ ನೂರು ಅದೇ.

ಬಿಳಿಗೆ ಇನ್ನೊಂದು ಚಾಳಿ ಇದೆ. ಅದು ಎಲ್ಲವನ್ನೂ ಮುಚ್ಚಿಹಾಕುತ್ತದೆ. ಬಿಳಿ ಹಕ್ಕಿಯ ಒಳಗೆ ಎರಡು ಓಪಲ್ ಚೀಟಿ, ಎರಡು ಬ್ಲ್ಯಾಕ್ ಶೋಲ್ಡರ್ ಚೀಟಿ ಇದ್ದರೂ ಹೊರಗೆ ಬಿಳಿಯೇ. ಕಾಗದದಲ್ಲಿ ಬಿಳಿ ಹಕ್ಕಿ ಬಂದರೆ ಉಳಿದ ಕಾಲಂಗಳಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಮುಂದೆ ಹೋಗಿ. ಬಾಲದ ಕಣ್ಣು ಬಿಳಿಯಾಗುವ ವೈಟ್ ಐ ಕೂಡ ಅರ್ಧ ಕಾಣುವ ಜಾತಿಯದೇ, ಆದರೆ ಜೀನ್ ಬೇರೆ. ಅದಕ್ಕೆ ಬೇರೆ ಕಾಲಂ.

ಹೆಣ್ಣಿಗೆ ಒಂದೇ ಚೀಟಿ

ಮೂರನೆಯದು, ಅಂದರೆ ಲಿಂಗದ ಕ್ರೋಮೋಸೋಮ್ ಮೇಲೆ ಕೂತ ಚೀಟಿ, ಎಲ್ಲಕ್ಕಿಂತ ಉಪಯೋಗದ್ದು, ಎಲ್ಲಕ್ಕಿಂತ ಜಾಸ್ತಿ ಮೋಸ ನಡೆಯುವುದೂ ಇಲ್ಲೇ. ಮನುಷ್ಯರಲ್ಲಿ ಗಂಡಿಗೆ ಎಕ್ಸ್ ವೈ. ಹಕ್ಕಿಗಳಲ್ಲಿ ಉಲ್ಟಾ. ಗಂಡಿಗೆ ಎರಡು ಝೆಡ್, ಹೆಣ್ಣಿಗೆ ಒಂದು ಝೆಡ್, ಒಂದು ಡಬ್ಲ್ಯೂ. ಝೆಡ್ ಮೇಲೆ ಕೂತ ಬಣ್ಣದ ಚೀಟಿ ಗಂಡಿನ ಜೇಬಿನಲ್ಲಿ ಎರಡು, ಹೆಣ್ಣಿನ ಜೇಬಿನಲ್ಲಿ ಒಂದೇ. ಇರುವ ಒಂದರ ಹಿಂದೆ ಇನ್ನೊಂದು ಅಡಗುವುದು ಹೇಗೆ? ಆದ್ದರಿಂದ ಇಂಥ ಬಣ್ಣಕ್ಕೆ ಹೆಣ್ಣು ಸ್ಪ್ಲಿಟ್ ಆಗುವುದೇ ಇಲ್ಲ. ಇದ್ದರೆ ಕಾಣುತ್ತದೆ, ಕಾಣದಿದ್ದರೆ ಇಲ್ಲ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಪಂಜರದ ಮೇಲೆ ಅಂಟಿಸಿದರೂ ತಪ್ಪಿಲ್ಲ.

ನವಿಲಿನಲ್ಲಿ ಕ್ಯಾಮಿಯೋ, ಪರ್ಪಲ್ ಈ ಗುಂಪಿನವು. ಕ್ಯಾಮಿಯೋ ಝೆಡ್ ಮೇಲಿದೆ ಅಂತ ಸೋಮ್ಸ್, ಬರ್ಗರ್ ಎಂಬ ಇಬ್ಬರು ಜೋಡಿ ಮಾಡಿಸಿ ಮರಿ ಎಣಿಸಿ 1991ರಲ್ಲಿ ಪ್ರಕಟಿಸಿದರು. ಲೆಕ್ಕ ಮಾಡಿ ನೋಡಿ. ಕ್ಯಾಮಿಯೋ ಗಂಡು, ನೀಲಿ ಹೆಣ್ಣು. ಗಂಡು ಮರಿಗೆ ಅಪ್ಪನಿಂದ ಕ್ಯಾಮಿಯೋ ಝೆಡ್, ಅಮ್ಮನಿಂದ ನೀಲಿ ಝೆಡ್, ಹೊರಗೆ ನೀಲಿ, ಒಳಗೆ ಸ್ಪ್ಲಿಟ್. ಹೆಣ್ಣು ಮರಿಗೆ ಅಪ್ಪನ ಕ್ಯಾಮಿಯೋ ಝೆಡ್ ಮಾತ್ರ, ಅಮ್ಮ ಕೊಟ್ಟಿದ್ದು ಡಬ್ಲ್ಯೂ, ಹಾಗಾಗಿ ಕ್ಯಾಮಿಯೋ. ಮೊಟ್ಟೆ ಒಡೆದ ದಿನವೇ ಮರಿಯ ಬಣ್ಣ ನೋಡಿ ಗಂಡೋ ಹೆಣ್ಣೋ ಹೇಳಬಹುದು. ಉಲ್ಟಾ ಮಾಡಿ, ನೀಲಿ ಗಂಡು, ಕ್ಯಾಮಿಯೋ ಹೆಣ್ಣು. ಈಗ ಎಲ್ಲ ಮರಿಯೂ ನೀಲಿ, ಗಂಡುಗಳು ಮಾತ್ರ ಸ್ಪ್ಲಿಟ್, ಹೆಣ್ಣುಗಳ ಬಳಿ ಏನೂ ಇಲ್ಲ. ಅದೇ ಎರಡು ಬಣ್ಣ, ಅಪ್ಪ ಅಮ್ಮ ಅದಲು ಬದಲಾದರೆ ಫಲ ಬೇರೆ. ಎಲ್ಲಾದರೂ ಹೀಗೆ ಅದಲು ಬದಲಿಗೆ ಫಲ ಬದಲಾಗುವುದು ಕಂಡರೆ ಝೆಡ್ ಮೇಲೆ ಅನುಮಾನ ಪಡಿ.

ಕ್ಯಾಮಿಯೋ ಪರ್ಪಲ್ ಎರಡೂ ಒಂದೇ ಝೆಡ್ ಮೇಲೆ ಸೇರಿಬಿಟ್ಟರೆ ಪೀಚ್ ಅನ್ನುವ ತಿಳಿ ಬಣ್ಣ ಬರುತ್ತದೆ. ಸೇರುವುದು ಸುಲಭವಲ್ಲ. ಒಂದು ಝೆಡ್‌ನಲ್ಲಿ ಕ್ಯಾಮಿಯೋ, ಇನ್ನೊಂದರಲ್ಲಿ ಪರ್ಪಲ್ ಇರುವ ಗಂಡಿನ ಮೈಯಲ್ಲಿ ಎರಡು ಝೆಡ್‌ಗಳು ತುಂಡು ಅದಲು ಬದಲು ಮಾಡಿಕೊಂಡಾಗ ಮಾತ್ರ ಇದು ಸಾಧ್ಯ. ಹೆಣ್ಣಿನಲ್ಲಿ ಸಾಧ್ಯವೇ ಇಲ್ಲ, ಬದಲು ಮಾಡಿಕೊಳ್ಳಲು ಎರಡನೇ ಝೆಡ್ ಎಲ್ಲಿದೆ?

ಎರಡು ಮೂರು ಗುಣ ಒಟ್ಟಿಗೆ ಬಂದರೆ ಹೆದರಬೇಡಿ, ಬಿಡಿಬಿಡಿಯಾಗಿ ಲೆಕ್ಕ ಮಾಡಿ ಗುಣಿಸಿ. ಓಪಲ್‌ಗೂ ಬ್ಲ್ಯಾಕ್ ಶೋಲ್ಡರ್‌ಗೂ ಸ್ಪ್ಲಿಟ್ ಆಗಿರುವ ಜೋಡಿಯಲ್ಲಿ ಓಪಲ್ ಬರುವುದು ನಾಲ್ಕರಲ್ಲಿ ಒಂದು, ಬ್ಲ್ಯಾಕ್ ಶೋಲ್ಡರ್ ನಾಲ್ಕರಲ್ಲಿ ಒಂದು, ಎರಡೂ ಒಟ್ಟಿಗೆ ಬರುವುದು 16ರಲ್ಲಿ ಒಂದು. ನವಿಲು ಒಂದು ಸಲಕ್ಕೆ ಇಡುವುದು ನಾಲ್ಕರಿಂದ ಎಂಟು ಮೊಟ್ಟೆ, ಕಾವು ನಾಲ್ಕು ವಾರ, ಗಂಡಿಗೆ ಪೂರ್ತಿ ಗರಿ ಬರಲು ಮೂರು ವರ್ಷ ಬೇಕು. ವಿದೇಶದ ಸಾಕಣೆಗಾರರು ಕಾಗದ ಬಿಟ್ಟು ಹೆಜ್ಜೆ ಇಡದಿರುವುದು ಅದಕ್ಕೇ.

ಗ್ಯಾಲರಿಯಲ್ಲಿ ಮಾಡಿ ನೋಡಿ

ಬಜರಿಗರ್‌ಗೆ ಬನ್ನಿ. ಕಾಡಿನ ಮೂಲ ಬಣ್ಣ ಹಸಿರು. ನೀಲಿ ಅಡಗುವ ಚೀಟಿ, ಅಂದರೆ ನವಿಲಿನ ಓಪಲ್ ಜಾಗದಲ್ಲಿ ಇಲ್ಲಿ ನೀಲಿ ಅಂದುಕೊಳ್ಳಿ. ಹಳದಿ ಬಣ್ಣದ ವಸ್ತು ತಯಾರಾಗದಿದ್ದರೆ ಹಸಿರು ಹೋಗಿ ನೀಲಿ ಉಳಿಯುತ್ತದೆ, ಆ ಜೀನ್ ಯಾವುದು ಅಂತ 2017ರಲ್ಲಿ ಗೊತ್ತಾಯಿತು. ಡಾರ್ಕ್ ಫ್ಯಾಕ್ಟರ್ ಅನ್ನುವುದು ಅರ್ಧ ಕಾಣುವ ಚೀಟಿ. ನೀಲಿ ಸಾಲಿನಲ್ಲಿ ಅದು ಇಲ್ಲದಿದ್ದರೆ ಸ್ಕೈ ಬ್ಲೂ, ಒಂದಿದ್ದರೆ ಕೋಬಾಲ್ಟ್, ಎರಡಿದ್ದರೆ ಮೋವ್. ಕೋಬಾಲ್ಟ್‌ಗೆ ಕೋಬಾಲ್ಟ್ ಸೇರಿಸಿ ನೋಡಿ, ಪೈಡ್ ನವಿಲಿನ ಹಾಗೆಯೇ ಒಂದು, ಎರಡು, ಒಂದು ಅಂತ ಒಡೆಯುತ್ತದೆ. ಸ್ಕೈ ಬ್ಲೂ ಮೋವ್ ಸೇರಿಸಿದರೆ ಎಲ್ಲವೂ ಕೋಬಾಲ್ಟ್. ಝೆಡ್ ಮೇಲಿನವು ಇನೋ, ಸಿನಮನ್, ಓಪಲೀನ್. ಹಸಿರು ಹಕ್ಕಿಗೆ ಇನೋ ಬಂದರೆ ಕೆಂಪು ಕಣ್ಣಿನ ಹಳದಿ ಲುಟಿನೋ, ನೀಲಿ ಹಕ್ಕಿಗೆ ಬಂದರೆ ಕೆಂಪು ಕಣ್ಣಿನ ಬಿಳಿ ಅಲ್ಬಿನೋ. ಅಂಗಡಿಯವರು ಎರಡಕ್ಕೂ ರೆಡ್ ಐ ಅಂದುಬಿಡುತ್ತಾರೆ. ಇನೋ ಸಿನಮನ್ ಒಂದೇ ಝೆಡ್‌ನಲ್ಲಿ ಸೇರಿದರೆ ಲೇಸ್‌ವಿಂಗ್, ನವಿಲಿನ ಪೀಚ್ ಆದ ಹಾಗೆಯೇ.

ಹಕ್ಕಿ ಕೊಳ್ಳುವುದು ಎಲ್ಲಿ ಅಂತ ಕೇಳಿದರೆ ಎಲ್ಲರೂ ಕ್ರಾಫರ್ಡ್ ಮಾರ್ಕೆಟ್ ಅನ್ನುತ್ತಾರೆ. ನೋಡಲು ಹೋಗಿ, ಕೊಳ್ಳಲು ಮನೆಯಲ್ಲಿ ಸಾಕಿದವರನ್ನು ಹುಡುಕಿ. ಅಪ್ಪ ಅಮ್ಮ ಕಣ್ಣಿಗೆ ಬಿದ್ದರೆ ಅರ್ಧ ಲೆಕ್ಕ ಅಲ್ಲೇ ಮುಗಿಯಿತು. ಇಕ್ಕಟ್ಟಾದ ಪಂಜರದಿಂದ ತಂದ ಹಕ್ಕಿಯ ಅಪ್ಪ ಯಾರು ಅಂತ ಅಂಗಡಿಯವನಿಗೂ ಗೊತ್ತಿರುವುದಿಲ್ಲ. ಸ್ಪ್ಲಿಟ್ ಅಂತ ಹೇಳಿ ನೂರಿನ್ನೂರು ಜಾಸ್ತಿ ಕೇಳಿದರೆ ಎರಡು ಪ್ರಶ್ನೆ ಕೇಳಿ. ಯಾವುದಕ್ಕೆ ಸ್ಪ್ಲಿಟ್? ಹಕ್ಕಿ ಗಂಡೋ ಹೆಣ್ಣೋ? ಹಸಿರು ಹೆಣ್ಣು ನೀಲಿಗೆ ಸ್ಪ್ಲಿಟ್ ಅಂದರೆ ಇರಬಹುದು. ಹಸಿರು ಹೆಣ್ಣು ಲುಟಿನೋಗೆ ಸ್ಪ್ಲಿಟ್ ಅಂದರೆ ಒಂದೋ ಅವನಿಗೆ ಗೊತ್ತಿಲ್ಲ, ಇಲ್ಲ ನಿಮಗೆ ಗೊತ್ತಿಲ್ಲ ಅಂತ ಅವನಿಗೆ ಗೊತ್ತಿದೆ. ಜಗಳ ಬೇಡ, ಚೌಕಾಶಿಗೆ ಇಟ್ಟುಕೊಳ್ಳಿ.

ಗಂಡು ಹೆಣ್ಣು ಗುರುತಿಸುವುದು ಕೊಕ್ಕಿನ ಬುಡದಲ್ಲಿ, ಮೂಗಿನ ತೂತುಗಳಿರುವ ಆ ಸಣ್ಣ ಉಬ್ಬಿನಿಂದ. ಬೆಳೆದ ಗಂಡಿಗೆ ನೀಲಿ, ಹೆಣ್ಣಿಗೆ ಮರಿ ಮಾಡುವ ಹೊತ್ತಿಗೆ ಒರಟಾದ ಕಂದು. ಆದರೆ ಲುಟಿನೋ, ಅಲ್ಬಿನೋ ಗಂಡಿಗೆ ಅದು ನೀಲಿಯಾಗುವುದೇ ಇಲ್ಲ, ಗುಲಾಬಿ ನೇರಳೆಯಾಗೇ ಉಳಿಯುತ್ತದೆ. ನೋಡಿದವರು ಹೆಣ್ಣು ಅಂದುಕೊಳ್ಳುತ್ತಾರೆ. ಲೆಕ್ಕಕ್ಕೆ ಸಿಗದ ಮರಿ ಬಂತು ಅನ್ನುವ ದೂರುಗಳಲ್ಲಿ ಒಳ್ಳೆಯ ಪಾಲು ಇದೇ ಕಾರಣಕ್ಕೆ.

ಮೊದಲ ಪ್ರಯೋಗಕ್ಕೆ ನನ್ನ ಶಿಫಾರಸು ಒಂದೇ ಜೋಡಿ: ನೀಲಿಗೆ ಸ್ಪ್ಲಿಟ್ ಇರುವ ಲುಟಿನೋ ಗಂಡು, ಮಾಮೂಲಿ ನೀಲಿ ಹೆಣ್ಣು. ಗಂಡಿನ ಅಪ್ಪ ಅಮ್ಮನಲ್ಲಿ ಒಂದು ನೀಲಿಯೋ ಅಲ್ಬಿನೋ ಆಗಿದ್ದರೆ ನೀಲಿ ಸ್ಪ್ಲಿಟ್ ಗ್ಯಾರಂಟಿ. ಕಾಗದದಲ್ಲಿ ಮೊದಲು ಮಾಡಿ. ಹೆಣ್ಣು ಮರಿಗಳೆಲ್ಲ ಕೆಂಪು ಕಣ್ಣು, ಅರ್ಧ ಲುಟಿನೋ, ಅರ್ಧ ಅಲ್ಬಿನೋ. ಗಂಡು ಮರಿಗಳೆಲ್ಲ ಕಪ್ಪು ಕಣ್ಣು, ಅರ್ಧ ಹಸಿರು, ಅರ್ಧ ನೀಲಿ. ಒಂದೇ ಗೂಡಿನಲ್ಲಿ ನಾಲ್ಕು ಬಣ್ಣ, ಜೊತೆಗೆ ಲಿಂಗವೂ ಬಯಲು. ಗಂಡುಗಳೆಲ್ಲ ಇನೋಗೆ ಸ್ಪ್ಲಿಟ್, ಹಸಿರು ಮತ್ತು ಲುಟಿನೋ ಮರಿಗಳೆಲ್ಲ ನೀಲಿಗೆ ಸ್ಪ್ಲಿಟ್. ಇದಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗಲಿಕ್ಕಿಲ್ಲ.

ಜೋಡಿಯನ್ನು ಬೇರೆ ಪಂಜರದಲ್ಲಿಡಿ, ಒಂದೇ ಗಂಡು, ಒಂದೇ ಹೆಣ್ಣು. ಹಕ್ಕಿಗೆ ಒಂದು ವರ್ಷವಾದರೂ ತುಂಬಿರಲಿ. ಮಡಕೆಯೋ ಮರದ ಡಬ್ಬಿಯೋ ಕಟ್ಟಿ. ನವಣೆ ಕೊಡಿ, ಇಲ್ಲಿ ಕಂಗನಿ ಅಂದರೆ ಸಿಗುತ್ತದೆ, ಜೊತೆಗೆ ಸೊಪ್ಪು, ಕ್ಯಾಲ್ಸಿಯಂಗೆ ಸಮುದ್ರದ ಕಟ್ಲ್ ಬೋನ್. ಮುಂಬೈ ಮಳೆಗಾಲದಲ್ಲಿ ಕಾಳಿಗೆ ಬೂಸ್ಟು ಬೇಗ ಹಿಡಿಯುತ್ತದೆ, ಹೆಚ್ಚು ತಂದಿಡಬೇಡಿ, ಮುಗ್ಗಲು ವಾಸನೆ ಬಂದರೆ ಬಿಸಾಕಿ. ಗ್ಯಾಲರಿಯ ಗ್ರಿಲ್‌ಗೆ ತಾಗಿಸಿ ಪಂಜರ ಇಟ್ಟರೆ ಕಾಗೆ ಬಂದು ಕುಟುಕುತ್ತದೆ, ಒಂದು ಕೈ ಅಂತರ ಇರಲಿ. ಕೆಳಗಿನ ಮನೆಯವರ ಬಟ್ಟೆ ಮೇಲೆ ಹೊಟ್ಟು ಬೀಳದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಮುಂದಿನ ಸೊಸೈಟಿ ಮೀಟಿಂಗ್‌ನಲ್ಲಿ ಮೊದಲ ವಿಷಯ ನೀವೇ.

ಮೊಟ್ಟೆ ದಿನ ಬಿಟ್ಟು ದಿನ ಬರುತ್ತದೆ, ನಾಲ್ಕರಿಂದ ಆರು. ಒಂದೊಂದಕ್ಕೆ 18 ದಿನದ ಕಾವು. ಮರಿ ಹುಟ್ಟಿ ಮೂರು ನಾಲ್ಕು ದಿನಕ್ಕೆ, ಅಮ್ಮ ಕಾಳು ತಿನ್ನಲು ಹೊರಬಂದ ಹೊತ್ತಿನಲ್ಲಿ, ಡಬ್ಬಿಗೆ ಟಾರ್ಚ್ ಹಿಡಿದು ಒಂದು ಕ್ಷಣ ನೋಡಿ. ಬೋಳು ಮರಿ, ಕಣ್ಣು ಇನ್ನೂ ಮುಚ್ಚಿರುತ್ತದೆ. ಆದರೂ ತೆಳು ಚರ್ಮದ ಕೆಳಗೆ ಕೆಲವಕ್ಕೆ ಮೆಣಸಿನ ಕಾಳಿನಷ್ಟು ಕಪ್ಪು ನೆರಳು ಕಾಣುತ್ತದೆ, ಕೆಲವಕ್ಕೆ ಬರೀ ಗುಲಾಬಿ. ಕಪ್ಪು ನೆರಳಿನವು ಗಂಡು, ಗುಲಾಬಿಯವು ಹೆಣ್ಣು. ಈ ಜೋಡಿಗೆ ಮಾತ್ರ, ಎಲ್ಲ ಜೋಡಿಗೂ ಅಲ್ಲ. ಆವತ್ತೇ ಬರೆದಿಡಿ, ಐದು ವಾರಕ್ಕೆ ಮರಿಗಳು ಹೊರಬಂದಾಗ ಬಣ್ಣ ತಾಳೆ ನೋಡಿ.

ಪುಸ್ತಕ ಇಡಲೇಬೇಕು. ಕಾಲಿಗೆ ಬಣ್ಣದ ರಿಂಗ್, ಪುಸ್ತಕದಲ್ಲಿ ರಿಂಗ್ ನಂಬರ್, ಹುಟ್ಟಿದ ದಿನ, ಅಪ್ಪ, ಅಮ್ಮ, ಬಣ್ಣ, ಒಳಗಿನ ಚೀಟಿ. ನೆನಪಿನಲ್ಲಿ ಇರುತ್ತದೆ ಅಂತ ಬಿಟ್ಟರೆ ಮೂರನೇ ಗೂಡಿನ ಹೊತ್ತಿಗೆ ಯಾರು ಯಾರ ಮಗ ಅಂತ ಗೊತ್ತಾಗುವುದಿಲ್ಲ, ಆಮೇಲೆ ಅಣ್ಣ ತಂಗಿ ಜೋಡಿಯಾಗಿ ನಿಶ್ಶಕ್ತ ಮರಿಗಳು ಹುಟ್ಟುತ್ತವೆ. ವರ್ಷಕ್ಕೆ ಎರಡು ಗೂಡು ಸಾಕು. ಹೆಣ್ಣಿಗೂ ವಿಶ್ರಾಂತಿ ಬೇಕು ಅಲ್ವಾ?

ಮರಿ ಲೆಕ್ಕಕ್ಕೆ ಸಿಗದಿದ್ದರೆ ಹೊಸ ಬಣ್ಣ ಕಂಡುಹಿಡಿದೆ ಅಂತ ಕುಣಿಯಬೇಡಿ. ಮೊದಲು ಅಪ್ಪನ ಮೇಲೆ ಅನುಮಾನ, ಪಕ್ಕದ ಪಂಜರದ ಗಂಡು ಯಾವಾಗಲಾದರೂ ಒಳಗೆ ಹೋಗಿತ್ತೇ? ಆಮೇಲೆ ಗಂಡು ಹೆಣ್ಣು ಗುರುತಿಸಿದ್ದರ ಮೇಲೆ. ಆಮೇಲೆ ನಿಮಗೆ ಹೇಳದೆ ಅಡಗಿ ಬಂದ ಚೀಟಿಯ ಮೇಲೆ. ಅಂಗಡಿಯ ಹಸಿರು ಹಕ್ಕಿಗಳಲ್ಲಿ ನೀಲಿ ಅಡಗಿರುವುದು ಮಾಮೂಲು, ಎರಡು ಹಸಿರಿಗೆ ನೀಲಿ ಮರಿ ಹುಟ್ಟಿದರೆ ಆಶ್ಚರ್ಯ ಏನಿಲ್ಲ, ಇಬ್ಬರೂ ಸ್ಪ್ಲಿಟ್ ಅಂತ ಪುಸ್ತಕದಲ್ಲಿ ತಿದ್ದಿಕೊಳ್ಳಿ. ಆದರೆ ಎರಡು ನೀಲಿಗೆ ಹಸಿರು ಮರಿ ಹುಟ್ಟಿದರೆ ಅಪ್ಪ ಬೇರೆ. ನವಿಲಿಗೂ ಇದೇ ಕ್ರಮ. ಬಿಸಿಲಿಗೆ ಕ್ಯಾಮಿಯೋ ಗರಿ ಮಾಸುತ್ತದೆ, ಹೊಸ ಗರಿ ಬಂದ ಮೇಲೆ ನೋಡಿದ ಬಣ್ಣವನ್ನೇ ನಂಬಬೇಕು. ಹೊಲದಲ್ಲಿ ಮೈಮೇಲೆ ಬಿಳಿ ತೇಪೆಯಿರುವ ನವಿಲು ಕಂಡರೆ ಊರಿನ ಹೆಸರು, ದಿನ, ರೆಕ್ಕೆಯ ಫೋಟೋ ಇಟ್ಟುಕೊಳ್ಳಿ. ಅದನ್ನು ಬೆನ್ನಟ್ಟಬೇಡಿ.

ಮರಿ ಯಾರಿಗಾದರೂ ಕೊಡುವಾಗ ಅಪ್ಪ ಅಮ್ಮನ ವಿವರ ಬರೆದು ಕೊಡಿ. ಖಚಿತವಾಗಿ ಸ್ಪ್ಲಿಟ್ ಅಂತ ಬರೆಯುವುದು ಅಪ್ಪ ಅಮ್ಮನಲ್ಲಿ ಒಂದಾದರೂ ಆ ಬಣ್ಣ ಹೊರಗೆ ತೋರಿಸುತ್ತಿದ್ದಾಗ ಮಾತ್ರ, ಝೆಡ್ ಮೇಲಿನ ಬಣ್ಣವಾದರೆ ಗಂಡು ಮರಿಗೆ ಮಾತ್ರ. ಎರಡು ಸ್ಪ್ಲಿಟ್‌ಗೆ ಹುಟ್ಟಿದ ಹಸಿರು ಮರಿಯಾದರೆ ಮೂರರಲ್ಲಿ ಎರಡು ಪಾಲು ಸಾಧ್ಯತೆ ಅಂತಲೇ ಬರೆಯಿರಿ, ಅದಕ್ಕೆ ಸ್ಪ್ಲಿಟ್‌ನ ರೇಟು ಕೇಳಬೇಡಿ.